ಆ ಹಾಡಿನಲ್ಲಿ ಗಂಟೆಯೇ ಇರಲಿಲ್ಲ ಸ್ವಾಮೀ

ಡಿಸೆಂಬರ್ ಬಂತು ಅಂದ್ರೆ ಸಾಕು, ನಮ್ಮ ಬ್ಲಾಗಿಗರಿಗೆ ಪಟ್ಟಿ ಮಾಡುವ ಚಟ. ರಜೆಯಲ್ಲಿ ಕೇಳಲೇಬೇಕಾದ ಹತ್ತು ಕ್ರಿಸ್ಮಸ್ ಹಾಡು, ನನಗಿಷ್ಟದ ಹದಿನೈದು ಹಾಡು... ತಕರಾರಿಲ್ಲ, ನಾನೂ ಓದ್ತೀನಿ, ಹುಡುಕಿ ಕೇಳ್ತೀನಿ. 'ಜಿಂಗಲ್ ಬೆಲ್ಸ್' ಇದ್ದೇ ಇರುತ್ತೆ (1857ರ ಆ ಹಾಡಿನಲ್ಲಿ ಕ್ರಿಸ್ಮಸ್ಸಿನ ಹೆಸರೇ ಇಲ್ಲ, ಬರೀ ಹಿಮದ ಮೇಲೆ ಕುದುರೆಗಾಡಿ ಓಡಿಸುವ ಪಡ್ಡೆಗಳ ಖುಷಿ. ಇರಲಿ ಬಿಡಿ). ನನ್ನ ಜಗಳ ಇರೋದು ಪಟ್ಟಿಯ ನಡುವೆ ಎಲ್ಲೋ ನುಸುಳುವ ಇನ್ನೊಂದರ ಬಗ್ಗೆ: 'ಕ್ಯಾರಲ್ ಆಫ್ ದ ಬೆಲ್ಸ್'. ಅದರ ಪಕ್ಕ ಒಬ್ಬರು 'ಹಳೆಯ ಇಂಗ್ಲಿಷ್ ಹಾಡು' ಅಂತ ಬರೀತಾರೆ, ಇನ್ನೊಬ್ಬರು 'ಹೋಮ್ ಅಲೋನ್ ಸಿನಿಮಾದ್ದು' ಅಂತ.

ಎರಡೂ ಅಲ್ಲ. ಅದು ಉಕ್ರೇನಿನ ಹಾಡು. ಹೆಸರು 'ಶ್ಚೆದ್ರಿಕ್'. ಮೂಲದಲ್ಲಿ ಅದು ಕ್ರಿಸ್ಮಸ್ಸಿನದ್ದೂ ಅಲ್ಲ, ಹೊಸವರ್ಷದ್ದು. ಅದರಲ್ಲಿ ಗಂಟೆಯೇ ಇಲ್ಲ!

ಇರೋದು ಒಂದು ಕವಲುತೋಕೆ ಹಕ್ಕಿ. ಹಾರಿಬಂದು ಮನೆ ಯಜಮಾನನನ್ನು ಹೊರಗೆ ಕರೆಯುತ್ತೆ. ಬಾ ನೋಡು, ನಿನ್ನ ದೊಡ್ಡಿಯಲ್ಲಿ ಕುರಿ ಮರಿ ಹಾಕಿದೆ, ನಿನಗೆ ಒಳ್ಳೆ ಕಾಸು ಬರುತ್ತೆ, ನಿನ್ನ ಹೆಂಡತಿಯ ಹುಬ್ಬು ಎಷ್ಟು ಕಪ್ಪಗೆ ಚೆಂದ ಇದೆ ಅಂತೆಲ್ಲ ಹೇಳುತ್ತೆ. ಅಷ್ಟೇ ಹಾಡು. ನಡುಚಳಿಯಲ್ಲಿ ಉಕ್ರೇನಿಗೆ ಕವಲುತೋಕೆ ಎಲ್ಲಿಂದ ಬಂತು ಅಂತ ಕೇಳಬಹುದು. (ಅದೇ ಜಾತಿಯ ಹಕ್ಕಿಗಳು ಆ ತಿಂಗಳುಗಳಲ್ಲಿ ನಮ್ಮ ಕಡೆ ಕರೆಂಟು ತಂತಿಯ ಮೇಲೆ ಸಾಲಾಗಿ ಕೂತಿರುತ್ತವೆ.) ವಿಷಯ ಏನಂದ್ರೆ, ವರ್ಷ ವಸಂತದಲ್ಲಿ ಶುರುವಾಗುತ್ತಿದ್ದ ಕಾಲದ ಹಾಡು ಅದು. ಕ್ರೈಸ್ತಧರ್ಮ ಬರುವ ಮುಂಚಿನದ್ದು. ಆಮೇಲೆ ಹಳೇ ಪಂಚಾಂಗದ ಹೊಸವರ್ಷಕ್ಕೆ, ಅಂದರೆ ಜನವರಿ 13ರ ರಾತ್ರಿಗೆ ಅಂಟಿಕೊಂಡಿತು. ನಮ್ಮ ಸಂಕ್ರಾಂತಿಯ ಹಿಂದಿನ ರಾತ್ರಿ! ಮನೆಮನೆಗೆ ಹೋಗಿ ಹಾಡಿ, ಹರಸಿ, ಕೊಟ್ಟದ್ದನ್ನು ತಗೊಂಡು ಬರೋದು ಪದ್ಧತಿ.

ಮಲೆನಾಡಿನವರಿಗೆ ಈಗ ಏನೋ ನೆನಪಾಗಿರಬೇಕು. ಹೌದು, ಅಂಟಿಗೆ-ಪಂಟಿಗೆ. ದೀಪಾವಳಿಯ ರಾತ್ರಿ ದೀಪ ಹಿಡಿದು, ಅದು ಆರದ ಹಾಗೆ ಕಾಪಾಡಿಕೊಂಡು, ಮನೆಮನೆ ಬಾಗಿಲಲ್ಲಿ ನಿಂತು ಹಾಡ್ತಾರಲ್ಲ, ಅದೇ. ನಾಳೆ ಯಾರೋ ಅದರ ಧಾಟಿ ಎತ್ತಿಕೊಂಡು, ದೀಪವನ್ನೂ ಗೋವನ್ನೂ ಕಿತ್ತುಹಾಕಿ, ತಮ್ಮ ಹಬ್ಬದ ಮಾತು ತುಂಬಿ, ಇಡೀ ಜಗತ್ತು ಅದನ್ನು 'ಹಳೆಯ ಇಂಗ್ಲಿಷ್ ಹಾಡು' ಅಂತ ಕರೆದರೆ ನೀವು ಸುಮ್ಮನಿರ್ತೀರಾ?

ಇದನ್ನೇ ಒಂದು ಕಡೆ ಕಾಮೆಂಟಿಸಿದ್ದಕ್ಕೆ ಬಂದ ಉತ್ತರ: "ಸಂಗೀತಕ್ಕೆ ಭಾಷೆ ಇಲ್ಲ ಮಾರಾಯ್ರೇ, ಸುಮ್ನೆ ಕೇಳಿ ಖುಷಿಪಡಿ."

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಸಂಗೀತಕ್ಕೆ ಭಾಷೆ ಇಲ್ಲದಿದ್ದರೆ 1876ರಲ್ಲಿ ರಷ್ಯದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಯಾಕೆ ತಲೆಕೆಡಿಸಿಕೊಂಡ? ಆ ವರ್ಷದ ಅವನ ಆಜ್ಞೆ ಉಕ್ರೇನಿ ಪುಸ್ತಕಗಳನ್ನು ಮಾತ್ರ ತಡೆಯಲಿಲ್ಲ, ಸ್ವರಲಿಪಿಯ ಕೆಳಗೆ ಉಕ್ರೇನಿ ಸಾಹಿತ್ಯ ಅಚ್ಚು ಹಾಕೋದನ್ನೂ ನಿಷೇಧಿಸಿತು. ರಾಗ ಇರಲಿ, ಮಾತು ಬೇಡ! ಹಾಡಿನಲ್ಲಿ ಭಾಷೆ ಎಲ್ಲಿ ಕೂತಿರುತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುವರ್ಷ, 1877ರಲ್ಲಿ, ಹುಟ್ಟಿದವನು ಮಿಕೋಲಾ ಲಿಯೊಂತೊವಿಚ್. ಪಾದ್ರಿಯ ಮಗ, ಮೇಷ್ಟ್ರು. ಕೆಲವು ವರ್ಷ ಗ್ರಿಶಿನೆ ಅನ್ನೋ ಊರಿನ ರೈಲ್ವೆ ಶಾಲೆಯಲ್ಲಿ ಪಾಠ ಹೇಳುತ್ತಾ ಕಾರ್ಮಿಕರಿಗೆ ಹಾಡು ಕಲಿಸಿದ. (ಆ ಊರು ಇವತ್ತಿನ ಪೊಕ್ರೋವ್ಸ್ಕ್. 2024ರಿಂದ ಈಚೆಗೆ ಯುದ್ಧದ ಸುದ್ದಿಯಲ್ಲಿ ಹೆಸರು ಕೇಳಿರ್ತೀರಿ, ನಜ್ಜುಗುಜ್ಜಾಗಿದೆ.) ಅವನು ಜನಪದ ಧಾಟಿಯ ಒಂದು ಪುಟ್ಟ ತುಣುಕು ತಗೊಂಡ. ನಾಲ್ಕೇ ಪೆಟ್ಟು, ಮೂರೇ ಸ್ವರಸ್ಥಾನ. ಅದು ಮೊದಲಿಂದ ಕೊನೆಯವರೆಗೂ ಬಿಡದೆ ಸುತ್ತುತ್ತಲೇ ಇರುತ್ತೆ, ಸುತ್ತಲೂ ಬೇರೆ ಬೇರೆ ದನಿಗಳು ಒಂದೊಂದಾಗಿ ಏರಿ ಇಳಿಯುತ್ತವೆ. ವಾದ್ಯವೇ ಇಲ್ಲ. ಇಷ್ಟು ಚಿಕ್ಕದರಿಂದ ಅಷ್ಟು ದೊಡ್ಡದು ಕಟ್ಟಿದ್ದು ಹೇಗೆ ಅಂತ ನನಗೆ ಇವತ್ತಿಗೂ ಬೆರಗು.

1916ರ ಡಿಸೆಂಬರಿನಲ್ಲಿ ಕೀವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೊದಲು ಹಾಡಿದರು. 1919ರಲ್ಲಿ, ಹೊಸದಾಗಿ ಹುಟ್ಟಿದ್ದ ಉಕ್ರೇನ್ ಗಣರಾಜ್ಯ ಒಂದು ಗಾಯನವೃಂದವನ್ನು ಒಲೆಕ್ಸಾಂದ್ರ್ ಕೊಶೆಟ್ಸ್ ಎಂಬಾತನ ಜೊತೆ ಯುರೋಪಿಗೆ ಕಳಿಸಿತು. ನಾವೂ ಒಂದು ಜನ, ನಮಗೂ ಒಂದು ನುಡಿ ಇದೆ ಅಂತ ತೋರಿಸೋಕೆ. ಊರೂರಲ್ಲಿ ಚಪ್ಪಾಳೆ ಬಿತ್ತು, ಆದರೆ ದೇಶ ಉಳಿಯಲಿಲ್ಲ. 1921ರ ಜನವರಿ 23ರ ಬೆಳಗಿನ ಜಾವ, ಅಪ್ಪನ ಮನೆಯಲ್ಲಿ ಮಲಗಿದ್ದ ಲಿಯೊಂತೊವಿಚ್‌ನನ್ನು, ರಾತ್ರಿ ತಂಗೋಕೆ ಜಾಗ ಕೇಳಿಕೊಂಡು ಬಂದಿದ್ದ ಸೋವಿಯತ್ ಗುಪ್ತ ಪೋಲೀಸಿನವನು ಗುಂಡಿಟ್ಟು ಕೊಂದ. 43 ವರ್ಷ. ಮರುವರ್ಷ ಅಕ್ಟೋಬರ್ 5ಕ್ಕೆ ಅವನ ಹಾಡು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ತಲುಪಿತು.

ಅಲ್ಲಿಂದ ಮುಂದೆ ಪೀಟರ್ ವಿಲ್ಹೌಸ್ಕಿ ಅನ್ನೋ ಅಮೆರಿಕದ ಸಂಗೀತಗಾರ 1936ರಲ್ಲಿ ಅದೇ ಧಾಟಿಗೆ ಇಂಗ್ಲಿಷಿನಲ್ಲಿ ಕ್ರಿಸ್ಮಸ್ ಗಂಟೆಗಳ ಸಾಹಿತ್ಯ ಬರೆದ. ಅವನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಅವನ ಬೇರೂ ಆ ಕಡೆಯದ್ದೇ, ಅವನು ಬರೆಯದಿದ್ದರೆ ನಾನೂ ನೀವೂ ಈ ಹಾಡು ಕೇಳ್ತಿದ್ದೆವೋ ಇಲ್ಲವೋ. ಅನುವಾದಕ್ಕೂ ನನ್ನ ವಿರೋಧ ಇಲ್ಲ. 'ಸೈಲೆಂಟ್ ನೈಟ್' ಹುಟ್ಟಿದ್ದು 1818ರಲ್ಲಿ, ಆಸ್ಟ್ರಿಯಾದ ಓಬರ್ನ್‌ಡಾರ್ಫಿನಲ್ಲಿ, ಜರ್ಮನ್ ಭಾಷೆಯಲ್ಲಿ. ಎಷ್ಟೋ ಭಾಷೆಗಳಿಗೆ ಹೋಗಿದೆ, ಹೋದಲ್ಲೆಲ್ಲ ಆ ರಾತ್ರಿ, ಆ ತಾಯಿ, ಆ ಮಗು ಹಾಗೇ ಇದ್ದಾರೆ. ಬರೆದ ಮೋರ್, ರಾಗ ಹಾಕಿದ ಗ್ರೂಬರ್, ಗಿಟಾರಿನ ಕಥೆ, ಎಲ್ಲ ಪಟ್ಟಿಗಳಲ್ಲೂ ಭಕ್ತಿಯಿಂದ ಬರುತ್ತೆ. ಶ್ಚೆದ್ರಿಕ್‌ಗೆ ಆದದ್ದು ಅನುವಾದ ಅಲ್ಲ. ಹಕ್ಕಿಯನ್ನು ಓಡಿಸಿ ಗೂಡಲ್ಲಿ ಗಂಟೆ ಕಟ್ಟಿದ್ದು. ಅದಾದರೂ ಸರಿ, ಗೂಡು ಯಾರದ್ದು ಅಂತ ಹೇಳಬಾರದೇ? ಅದಕ್ಕೆ ಒಂದು ಸಾಲು ಸಾಕು.

ಬೇರೆಯವರು 'ಸಂಗೀತಕ್ಕೆ ಭಾಷೆ ಇಲ್ಲ' ಅಂದರೆ ಸಹಿಸಬಹುದು. ನಾವು? ಬರಹ, ನುಡಿ, ಯೂನಿಕೋಡ್ ಅಂತ ಒದ್ದಾಡಿ ಒಂದೊಂದು ಒತ್ತಕ್ಷರಕ್ಕೂ ಜಗಳ ಆಡಿದವರು. ಬೆಂಗಳೂರಿನ ಎಫ್ಎಂನಲ್ಲಿ ಕನ್ನಡ ಹಾಡು ಹಾಕ್ರಪ್ಪಾ ಅಂತ ಕೂಗಾಡಿದವರು. ಆಗ ಅವರು ನಮಗೆ ಹೇಳಿದ್ದೂ ಇದೇ ಮಾತಲ್ಲವೇ, ಸಂಗೀತಕ್ಕೆ ಭಾಷೆ ಯಾಕೆ ಅಂತ? ಭಾಷೆಗೆ ಕುತ್ತು ಬರದವರು ಮಾತ್ರ ಆಡಬಹುದಾದ ಮಾತು ಅದು.

2022ರ ಡಿಸೆಂಬರ್ 4ರಂದು, ನೂರು ವರ್ಷ ತುಂಬಿದ್ದಕ್ಕೆ, ಕೀವ್‌ನ ಮಕ್ಕಳು ಅದೇ ಕಾರ್ನೆಗಿ ಹಾಲ್‌ನಲ್ಲಿ ಅದನ್ನು ಮತ್ತೆ ಹಾಡಿದರು. ಊರಲ್ಲಿ ಬಾಂಬು ಬೀಳ್ತಿತ್ತು. ಕೊಶೆಟ್ಸ್‌ನ ತಂಡ 1922ರಲ್ಲಿ ನ್ಯೂಯಾರ್ಕಿನಲ್ಲಿ ಬ್ರನ್ಸ್‌ವಿಕ್ ಕಂಪನಿಗೆ ಹಾಡಿದ ರೆಕಾರ್ಡೂ ಅಂತರ್ಜಾಲದಲ್ಲಿದೆ, ಶ್ಚೆದ್ರಿಕ್ ಅಂತಲೇ ಹುಡುಕಿ. ಕರಕರ ಸದ್ದಿನ ನಡುವೆ ಕೇಳಬೇಕು, ಹೆಡ್‌ಫೋನ್ ಇದ್ದರೆ ಒಳ್ಳೇದು.

ಹಾಂ, ಅಂಟಿಗೆ-ಪಂಟಿಗೆಯವರ ಹಾಡು ಯಾರ ಹತ್ರಾದರೂ ರೆಕಾರ್ಡ್ ಆಗಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ಊರಿನ ಹೆಸರು ಸಮೇತ :-)