ಅಮೆರಿಕದಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ ಆಗುವುದು ಅಷ್ಟು ಸುಲಭವೇ? ಅರ್ಜಿ ಹಾಕುವ ಮುನ್ನ ತಿಳಿಯಬೇಕಾದ ಸಂಗತಿಗಳು

‘ಎಂಬಿಬಿಎಸ್ ಬೇಡ, ನೀಟ್ ಬೇಡ, ಎರಡು ವರ್ಷ ಓದಿದರೆ ಅಮೆರಿಕದಲ್ಲಿ ಕೋಟಿ ಸಂಬಳ’ ಎಂಬ ಮಾತು ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಫಿಸಿಷಿಯನ್ ಅಸಿಸ್ಟೆಂಟ್ (ಪಿಎ) ವೃತ್ತಿಯ ಬಗ್ಗೆ ಇಂಥ ಮಾತುಗಳಲ್ಲಿ ಅರ್ಧ ಸತ್ಯವಿದೆ. ಇನ್ನರ್ಧ ಗೊತ್ತಿಲ್ಲದೆ ಹೊರಟರೆ ವರ್ಷಗಳೂ ಲಕ್ಷಗಟ್ಟಲೆ ಹಣವೂ ವ್ಯರ್ಥವಾಗಬಹುದು. ಆದ್ದರಿಂದ ಒಂದೊಂದು ಹೇಳಿಕೆಯನ್ನೂ ನಾವು ಇಲ್ಲಿ ಪರಿಶೀಲಿಸಿದ್ದೇವೆ.

ಪಿಎ ಎಂದರೆ ಯಾರು?

ವೈದ್ಯರ ಜೊತೆಗೂಡಿ ರೋಗಿಗಳನ್ನು ಪರೀಕ್ಷಿಸುವ, ರೋಗ ಪತ್ತೆ ಮಾಡುವ, ಔಷಧಿ ಬರೆದುಕೊಡುವ ತರಬೇತಿ ಪಡೆದವರು ಪಿಎಗಳು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಈ ಕೋರ್ಸ್ ಆರಂಭಿಸಿದರು. ಮೊದಲ ತಂಡದಲ್ಲಿದ್ದವರು ನೌಕಾಪಡೆಯಲ್ಲಿ ವೈದ್ಯಕೀಯ ಸೇವೆ ಮಾಡಿ ಬಂದವರು. ರೋಗಿಗಳ ಜೊತೆ ಮೊದಲೇ ಕೆಲಸ ಮಾಡಿದವರಿಗೆ ಆದ್ಯತೆ ಕೊಡುವ ಪದ್ಧತಿಯ ಬೇರು ಇಲ್ಲಿದೆ. 2021ರಿಂದ ಪಿಎಗಳ ರಾಷ್ಟ್ರೀಯ ಸಂಘಟನೆ ‘ಫಿಸಿಷಿಯನ್ ಅಸೋಸಿಯೇಟ್’ ಎಂಬ ಹೆಸರನ್ನು ಬಳಸುತ್ತಿದೆ. ಹೆಸರು ಎರಡಾದರೂ ವೃತ್ತಿ ಒಂದೇ.

ಸಂಬಳ ಚೆನ್ನಾಗಿದೆ ಎಂಬುದು ನಿಜ. ಅಮೆರಿಕ ಸರ್ಕಾರದ 2023ರ ಅಂಕಿಅಂಶದ ಪ್ರಕಾರ ಮಧ್ಯಮ ವಾರ್ಷಿಕ ವೇತನ 1,30,020 ಡಾಲರ್. ಆದರೆ ಅಲ್ಲಿನ ತೆರಿಗೆ, ಮನೆ ಬಾಡಿಗೆ, ಓದಿನ ಸಾಲ ಎಲ್ಲವೂ ಡಾಲರ್‌ನಲ್ಲೇ ಇರುತ್ತವೆ.

ಹೇಳಿಕೆ 1: ಭಾರತದಲ್ಲಿ ಬಿಎಸ್ಸಿ ಪಿಎ ಓದಿದರೆ ಸಾಕು

ಇದು ತಪ್ಪು. ನಮ್ಮಲ್ಲೂ ಪಿಎ ಕೋರ್ಸ್‌ಗಳಿವೆ, ಅವುಗಳಿಗೆ ಇಲ್ಲಿ ಬೆಲೆಯೂ ಇದೆ. ಆದರೆ ಅಮೆರಿಕದ ಯಾವುದೇ ರಾಜ್ಯದಲ್ಲಿ ಹೊಸದಾಗಿ ಲೈಸೆನ್ಸ್ ಪಡೆಯಲು ‘ಪ್ಯಾನ್ಸ್’ ಎಂಬ ಪರೀಕ್ಷೆ ಪಾಸಾಗಬೇಕು. ಎಆರ್‌ಸಿ-ಪಿಎ ಎಂಬ ಸಂಸ್ಥೆಯ ಮಾನ್ಯತೆ ಇರುವ ಅಮೆರಿಕದ ಕೋರ್ಸ್ ಮುಗಿಸಿದವರು ಮಾತ್ರ ಆ ಪರೀಕ್ಷೆ ಬರೆಯಬಹುದು. ಎಂಬಿಬಿಎಸ್ ಮುಗಿಸಿದ ವೈದ್ಯರಿಗೂ ಇದೇ ನಿಯಮ. ಅವರೂ ಪಿಎ ಶಾಲೆಗೆ ಸೇರಿಯೇ ಬರಬೇಕು.

ಹೇಳಿಕೆ 2: ಒಳ್ಳೆಯ ಅಂಕ ಇದ್ದರೆ ಸೀಟು ಖಚಿತ

ಅಂಕ ಬೇಕು, ಆದರೆ ಅದೊಂದೇ ಸಾಲದು. ಇದು ಸ್ನಾತಕೋತ್ತರ ಕೋರ್ಸ್, ಸಾಮಾನ್ಯವಾಗಿ 27 ತಿಂಗಳ ಆಸುಪಾಸು. ಸೇರುವ ಮೊದಲು ಪದವಿಯ ಜೊತೆಗೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರದಂಥ ವಿಷಯಗಳನ್ನು ಓದಿರಬೇಕು.

ಬಹುತೇಕ ಶಾಲೆಗಳಿಗೆ ‘ಕ್ಯಾಸ್ಪಾ’ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಅದು ಅಂಕಗಳ ಸರಾಸರಿಯನ್ನು ತಾನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಒಂದೇ ವಿಷಯವನ್ನು ಎರಡು ಸಲ ಓದಿದ್ದರೆ ಎರಡೂ ಲೆಕ್ಕಕ್ಕೆ ಬರುತ್ತವೆ. ಮೊದಲು ಸಿ (2.0), ಆಮೇಲೆ ಎ (4.0) ಬಂದಿದ್ದರೆ ಅಲ್ಲಿ ಸಿಗುವುದು 4 ಅಲ್ಲ, 3. ಕಾಲೇಜಿನ ಅಂಕಪಟ್ಟಿಯಲ್ಲಿ ಕಾಣುವ ಸರಾಸರಿಯನ್ನೇ ನಂಬಿ ಕೂರುವವರು ಎಡವುವುದು ಇಲ್ಲೇ.

ಹೇಳಿಕೆ 3: ಆಸ್ಪತ್ರೆಯಲ್ಲಿ ಯಾವ ಕೆಲಸ ಮಾಡಿದರೂ ಅನುಭವವೇ

ಪೂರ್ತಿ ನಿಜವಲ್ಲ. ರೋಗಿಯ ಆರೈಕೆಯ ಹೊಣೆಯನ್ನು ನೇರವಾಗಿ ಹೊತ್ತ ಕೆಲಸಕ್ಕೆ ತೂಕ ಹೆಚ್ಚು. ಆಂಬುಲೆನ್ಸ್ ಸಿಬ್ಬಂದಿ, ನರ್ಸಿಂಗ್ ಸಹಾಯಕರು, ಮೆಡಿಕಲ್ ಅಸಿಸ್ಟೆಂಟ್ ಕೆಲಸ ಇದಕ್ಕೆ ಉದಾಹರಣೆ. ಬಿಲ್ಲಿಂಗ್ ಕೌಂಟರ್‌ನ ಕೆಲಸವನ್ನು ಬೇರೆ ಪಟ್ಟಿಗೆ ಸೇರಿಸುತ್ತಾರೆ. ಪಿಎ ಒಬ್ಬರ ಜೊತೆಗಿದ್ದು ಅವರ ಕೆಲಸ ನೋಡುವುದನ್ನೂ ಪ್ರತ್ಯೇಕವಾಗಿ ತೋರಿಸಬೇಕು. ಎಷ್ಟು ಗಂಟೆ ಬೇಕು ಎಂಬುದು ಶಾಲೆಯಿಂದ ಶಾಲೆಗೆ ಬದಲಾಗುತ್ತದೆ. ಕೆಲವು ಕಡೆ 500, ಕೆಲವು ಕಡೆ 1,000, ಇನ್ನು ಕೆಲವೆಡೆ 2,000.

ಹೇಳಿಕೆ 4: ಕೊನೆಯ ದಿನ ಅರ್ಜಿ ಹಾಕಿದರೂ ನಡೆಯುತ್ತದೆ

ಇದು ಅಪಾಯದ ಸಲಹೆ. ಕ್ಯಾಸ್ಪಾ ಪ್ರತಿವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ತೆರೆಯುತ್ತದೆ. ಹಲವು ಶಾಲೆಗಳು ಅರ್ಜಿ ಬಂದಂತೆಲ್ಲ ಸಂದರ್ಶನಕ್ಕೆ ಕರೆದು ಸೀಟು ತುಂಬುತ್ತಾ ಹೋಗುತ್ತವೆ. ಗಡುವಿನ ಅರ್ಥವೂ ಎಲ್ಲ ಕಡೆ ಒಂದೇ ಅಲ್ಲ. ಕೆಲವು ಶಾಲೆಗಳಿಗೆ ಆ ದಿನದೊಳಗೆ ಅರ್ಜಿ ಸಲ್ಲಿಸಿದರೆ ಸಾಕು. ಇನ್ನು ಕೆಲವಕ್ಕೆ ಅಂಕಪಟ್ಟಿ, ಶಿಫಾರಸು ಪತ್ರಗಳೂ ತಲುಪಿರಬೇಕು ಅಥವಾ ಪರಿಶೀಲನೆಯೂ ಮುಗಿದಿರಬೇಕು. ಭಾರತದ ಅಂಕಪಟ್ಟಿ ಇದ್ದವರು ಅದರ ಮೌಲ್ಯಮಾಪನ ವರದಿಯನ್ನೂ ತರಿಸಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ.

ಹೇಳಿಕೆ 5: ಏಜೆಂಟರಿಗೆ ಹಣ ಕೊಟ್ಟರೆ ಎಲ್ಲ ಅವರೇ ಮಾಡಿಸುತ್ತಾರೆ

ಸೀಟಿನ ಗ್ಯಾರಂಟಿ ಯಾರೂ ಕೊಡಲಾರರು. ಅರ್ಜಿಯ ಜೊತೆಗಿನ ವೈಯಕ್ತಿಕ ಪ್ರಬಂಧ 5,000 ಅಕ್ಷರಗಳನ್ನು ಮೀರುವಂತಿಲ್ಲ. ಅದು ಸ್ವಂತ ಬರಹ ಎಂದು ಅರ್ಜಿದಾರರೇ ದೃಢೀಕರಿಸಬೇಕು. ‘ಜನಸೇವೆ ಮಾಡಬೇಕೆಂಬ ಆಸೆ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಡಾಕ್ಟರೋ ನರ್ಸೋ ಆಗದೆ ಪಿಎ ಏಕೆ ಆಗಬೇಕು ಎಂಬುದಕ್ಕೆ ಅನುಭವದಿಂದಲೇ ಉತ್ತರ ಬರಬೇಕು. ಶಿಫಾರಸು ಪತ್ರವನ್ನೂ ದೊಡ್ಡ ಹುದ್ದೆಯವರಿಗಿಂತ ನಿಮ್ಮ ಕೆಲಸ ಹತ್ತಿರದಿಂದ ಕಂಡವರಿಂದ ಪಡೆಯುವುದು ಮೇಲು.

ಹಾಗಾದರೆ ಏನು ಮಾಡಬೇಕು?

ಮೊದಲು ಎಆರ್‌ಸಿ-ಪಿಎ ಜಾಲತಾಣದಲ್ಲಿ ಶಾಲೆಯ ಮಾನ್ಯತೆ ನೋಡಿ. ತಾತ್ಕಾಲಿಕ ಮಾನ್ಯತೆಯೋ, ಪ್ರೊಬೇಷನ್‌ನಲ್ಲಿದೆಯೋ ಎಂಬುದೂ ಅಲ್ಲಿರುತ್ತದೆ. ನಂತರ ಆ ಶಾಲೆ ವಿದೇಶಿ ವಿದ್ಯಾರ್ಥಿಗಳನ್ನು, ವಿದೇಶಿ ಪದವಿಯನ್ನು ಒಪ್ಪುತ್ತದೆಯೇ ಎಂದು ನೇರವಾಗಿ ಇಮೇಲ್ ಮಾಡಿ ಕೇಳಿ. ಕೆಲವು ಶಾಲೆಗಳು ಅಮೆರಿಕದ ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರನ್ನಷ್ಟೇ ತೆಗೆದುಕೊಳ್ಳುತ್ತವೆ. ಉಳಿದ ತಯಾರಿಗೆ ಕೈಹಾಕುವುದು ಇದಾದ ಮೇಲೆ.

ಅಮೆರಿಕದಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೆ ಈ ದಾರಿ ಕಷ್ಟವಾದರೂ ತೆರೆದಿದೆ. ಇಲ್ಲಿಂದ ಹೊರಡುವವರಿಗೆ ಅದು ತುಂಬಾ ಕಿರಿದು. ‘ಎರಡೇ ವರ್ಷ’ ಎಂಬ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ, ಆ ಎರಡು ವರ್ಷಕ್ಕೆ ಮುಂಚೆ ಪದವಿ, ಅನುಭವ, ವೀಸಾ ಎಲ್ಲವೂ ಬೇಕು ಎಂಬುದನ್ನೂ ಸೇರಿಸಿ ಕಳಿಸಿ.