ವೀಸಾ ಇಲ್ಲದ ಪ್ರವೇಶ ಕೆಲಸಕ್ಕಲ್ಲ



2023ರ ಡಿಸೆಂಬರ್ 1ರಂದು ಮಲೇಷ್ಯಾ ಭಾರತೀಯರಿಗೆ 30 ದಿನ ವೀಸಾ ಇಲ್ಲದ ಪ್ರವೇಶ ಆರಂಭಿಸಿತು. ಇದನ್ನೇ ತೋರಿಸಿ ಕೆಲವು ಏಜೆಂಟರು, "ಮೊದಲು ಹೋಗು, ಪರ್ಮಿಟ್ ಆಮೇಲೆ ಮಾಡಿಸೋಣ" ಎಂದು ನಮ್ಮ ದೋಸೆ ಭಟ್ಟರನ್ನು, ಸಪ್ಲಾಯರ್ ಹುಡುಗರನ್ನು ಕರೆಯುತ್ತಾರೆ. ಆ ಪ್ರವೇಶ ಊರು ನೋಡಲು ಮಾತ್ರ. ಕಾವಲಿ ಮುಂದೆ ನಿಂತರೆ ಅಪರಾಧ. ಕೆಲಸದ ಪರ್ಮಿಟ್‌ಗೆ ಅಲ್ಲಿನ ಮಾಲೀಕರೇ ಮೊದಲು ಅರ್ಜಿ ಹಾಕಬೇಕು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್. ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾಕ್ಕೆ ಕೆಲಸಕ್ಕೆ ಹೋಗಲು ಅವರಿಗೆ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಅನುಮತಿ ಬೇಕು. ನಮ್ಮ ಅಡಿಗೆಮನೆಯಲ್ಲಿ ಅಂಥವರೇ ಹೆಚ್ಚು. ಟೂರಿಸ್ಟ್ ಆಗಿ ಹೋದವನು ಸಂಬಳ ಸಿಗದಿದ್ದರೂ ದೂರು ಕೊಡಲು ಹೆದರುತ್ತಾನೆ.

ಒಳ್ಳೆಯ ಸಂಬಳಕ್ಕೆ ಹೋಗುವವನನ್ನು ತಡೆಯುವುದು ನ್ಯಾಯವಲ್ಲ. ಆದರೆ ಅವನ ಕಾಗದಪತ್ರ ನೋಡಿ, ಏಜೆಂಟರ ಲೈಸೆನ್ಸ್ ವಿಚಾರಿಸಿ ಕಳಿಸುವುದು ಅವನ ದುಡಿಮೆ ಉಂಡ ನಮ್ಮ ಕರ್ತವ್ಯ.