ಬಣ್ಣಕ್ಕೂ ಮೊದಲು ಉಜ್ಜುವ ಕೆಲಸಕ್ಕೆ ದುಡ್ಡಿಡಿ

ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ಮಲ್ಪೆ, ಗಂಗೊಳ್ಳಿ ಕಡೆ ಬೋಟುಗಳು ದಡ ಹತ್ತಿರುತ್ತವೆ. ಉಕ್ಕಿನ ಬೋಟಿನ ಅಡಿಭಾಗವನ್ನು ಹತ್ತಿರದಿಂದ ನೋಡಿ. ಚುಕ್ಕಾಣಿಯ ಮೇಲೆ, ಪ್ರೊಪೆಲ್ಲರ್ ಆಸುಪಾಸಿನಲ್ಲಿ ಸತುವಿನ ಗಟ್ಟಿಗಳನ್ನು ಕೂರಿಸಿರುತ್ತಾರೆ. ಕೂರಿಸಿದಾಗ ನುಣ್ಣಗಿದ್ದ ಗಟ್ಟಿ ಈಗ ಗೆದ್ದಲು ತಿಂದ ಹಲಗೆಯ ಹಾಗೆ ಹೊಂಡ ಬಿದ್ದು ಸವೆದಿರುತ್ತದೆ. ಅದು ಸವೆಯಲೆಂದೇ ಅಲ್ಲಿರುವುದು. ಉಪ್ಪುನೀರು ಉಕ್ಕಿಗಿಂತ ಮೊದಲು ಸತುವನ್ನು ತಿನ್ನುತ್ತದೆ; ಅಲ್ಲಿ ಸತು ಇರುವಷ್ಟು ದಿನ ಉಕ್ಕಿಗೆ ಅಪಾಯ ಕಡಿಮೆ. ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆಯನ್ನು ಉಳಿಸಲು 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಹೂಡಿದ ಉಪಾಯವೂ ಇದೇ ಜಾತಿಯದು.

ಬೋಟಿಗೆ ಇಷ್ಟು ಮುತುವರ್ಜಿ ವಹಿಸುವ ಕರಾವಳಿಯಲ್ಲಿ ಶಾಲೆಯ ಶೀಟಿನ ಮಾಡು, ಬಸ್ ತಂಗುದಾಣ, ಹೊಳೆಯ ಕಾಲುಸಂಕಗಳ ಗತಿ ಮಾತ್ರ ಬೇರೆ. ಕುಂದಾಪುರದ ಬದಿಯಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡಿಕೊಂಡೇ ಬದುಕಿದ ನನಗೆ ಇದು ಸಹಿಸಲಾಗದ ಸಂಗತಿ. ತುಕ್ಕಿನ ಮೇಲೆಯೇ ಬಣ್ಣ ಬಳಿಯುತ್ತಾರೆ. ಉದ್ಘಾಟನೆಯ ದಿನ ಫಳಫಳ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವೆಲ್ಡಿಂಗ್ ಜಾಯಿಂಟಿನ ಸುತ್ತ ಗುಳ್ಳೆ ಏಳುತ್ತದೆ, ಉಗುರಿನಿಂದ ಕೆದಕಿದರೆ ಬಣ್ಣ ಹಾಳೆಯಾಗಿ ಕಿತ್ತು ಬರುತ್ತದೆ, ಒಳಗೆ ಕಂದು ಪುಡಿ.

ತಪ್ಪು ಬಣ್ಣದ್ದಲ್ಲ. ಕಡಲ ಗಾಳಿ ತಂದ ಉಪ್ಪು ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಹಾಗೆ ಕೂತಿರುತ್ತದೆ. ಅದರ ಮೇಲೆ ಎಷ್ಟೇ ದುಬಾರಿ ಎಪಾಕ್ಸಿ ಹೊಡೆದರೂ ಉಪ್ಪು ತೇವವನ್ನು ಬಣ್ಣದ ಪದರದ ಮೂಲಕವೇ ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಆಮೇಲೆ ಗ್ರೈಂಡರ್, ವೈರ್ ಬ್ರಷ್. ದೊಡ್ಡ ಕೆಲಸವಾದರೆ ಬ್ಲಾಸ್ಟಿಂಗ್. ಬೂದು ಬಣ್ಣದ ಹಸಿ ಲೋಹ ಕಾಣುವ ತನಕ ಉಜ್ಜಬೇಕು, ಅದೇ ದಿನ ಪ್ರೈಮರ್ ಬೀಳಬೇಕು. ನಮ್ಮ ಕಡೆಯ ಗಾಳಿಯಲ್ಲಿ ಬೆಳಿಗ್ಗೆ ಉಜ್ಜಿಟ್ಟ ಕಬ್ಬಿಣ ಸಂಜೆಗೆ ಅರಿಶಿನದ ಬಣ್ಣಕ್ಕೆ ತಿರುಗಿರುತ್ತದೆ. ನಾಳೆ ನೋಡೋಣ ಎಂದರೆ ಉಜ್ಜಿದ್ದು ದಂಡ.

ಇಷ್ಟು ಮೈಮುರಿಯುವ ಕೆಲಸಕ್ಕೆ ಲೆಕ್ಕದಲ್ಲಿ ಜಾಗವಿಲ್ಲ. ನಾನು ಕಂಡ ಎಸ್ಟಿಮೇಟುಗಳಲ್ಲಿ ತುಕ್ಕು ತೆಗೆಯುವ ಕೂಲಿ ಬಣ್ಣದ ಚದರ ಮೀಟರ್ ದರದೊಳಗೇ ಸೇರಿಹೋಗಿರುತ್ತದೆ. ಅಳತೆಗೆ ಬಂದವರಿಗೆ ಕಾಣುವುದು ಬಣ್ಣ ಮಾತ್ರ. ಅಡಿಯಲ್ಲಿ ಏನಿತ್ತೆಂದು ಆಗ ಯಾರೂ ಹೇಳಲಾರರು. ನಿಯತ್ತಿನಿಂದ ಉಜ್ಜಿದ ಗುತ್ತಿಗೆದಾರನಿಗೆ ನಷ್ಟ, ಉಜ್ಜದವನಿಗೆ ಲಾಭ. ತುಕ್ಕು ತೆಗೆಯುವುದನ್ನು ಬೇರೆಯೇ ಬಾಬ್ತಾಗಿ ಬರೆಯಲಿ. ಪ್ರೈಮರ್ ಹಚ್ಚುವ ಮೊದಲು ಎಂಜಿನಿಯರ್ ಬಂದು ಬರಿ ಲೋಹವನ್ನು ನೋಡಲಿ, ಫೋಟೊ ತೆಗೆದು ಬಿಲ್ಲಿಗೆ ಲಗತ್ತಿಸಲಿ. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.

ಹೊಸದಾಗಿ ಕಟ್ಟುವುದಾದರೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡಿಸಿ ಎನ್ನುತ್ತೇನೆ. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಇಡೀ ತುಂಡನ್ನು ಮುಳುಗಿಸಿ ತೆಗೆಯುತ್ತಾರೆ. ಪೈಪಿನ ಒಳಮೈಗೂ ಸತು ಹತ್ತುತ್ತದೆ. ಆರಂಭದ ಖರ್ಚು ಜಾಸ್ತಿ, ನಿಜ. ಒಂದು ಎಚ್ಚರ: ಕೊರೆದು, ಬೆಸೆದು ಎಲ್ಲ ಮುಗಿದ ಮೇಲೆಯೇ ಮುಳುಗಿಸಬೇಕು. ಮೊದಲೇ ಸತು ಹತ್ತಿಸಿದ ಜಿಐ ಪೈಪ್ ತಂದು ಜಾಗದಲ್ಲೇ ವೆಲ್ಡ್ ಮಾಡಿದರೆ ಆ ಬೆಸುಗೆಯ ಬಿಸಿಗೆ ಅಲ್ಲಿನ ಸತು ಸುಟ್ಟುಹೋಗಿ, ತುಕ್ಕು ಅಲ್ಲಿಂದಲೇ ಶುರು. ಅಂಥ ಕಡೆ ಸತುಪುಡಿ ಹೆಚ್ಚಿರುವ ಪ್ರೈಮರನ್ನಾದರೂ ದಪ್ಪಗೆ ಹಚ್ಚಬೇಕು.

ನನಗೆ ಹೆಚ್ಚು ಭಯ ಕಂಬದ ಬುಡದ್ದು. ಕಾಂಕ್ರೀಟಿಗೂ ಕಬ್ಬಿಣಕ್ಕೂ ನಡುವಿನ ಸಣ್ಣ ಸಂದಿಯಲ್ಲಿ ನೀರು, ತರಗೆಲೆ, ಮಣ್ಣು ನಿಂತು, ಎದೆಮಟ್ಟದಲ್ಲಿ ಗಟ್ಟಿಯಾಗಿರುವ ಕಂಬ ಪಾದದ ಹತ್ತಿರ ಕಾಗದದಷ್ಟು ತೆಳ್ಳಗಾಗಿರುತ್ತದೆ. ಮಕ್ಕಳು ಒರಗಿ ನಿಲ್ಲುವ ಕಂಬ ಅದು. ಶಾಲೆಯವರು, ಪಂಚಾಯಿತಿಯವರು ಮೇ ತಿಂಗಳಲ್ಲೇ ಒಮ್ಮೆ ಬುಡದ ಮಣ್ಣು ಸರಿಸಿ ಸುತ್ತಿಗೆಯಿಂದ ತಟ್ಟಿ ನೋಡಲಿ. ಠಣ್ ಅನ್ನದೆ ಮಂಕಾಗಿ ಸದ್ದು ಮಾಡಿದ ಕಂಬಕ್ಕೆ ಬಣ್ಣ ಬಳಿಯುವುದು ಬೇಡ, ಬದಲಿಸಿ.